ಹಳೆಯ ಸ್ಪೋರ್ಟ್ಸ್ ಕಾರು: ಕೊಳ್ಳುವ ಮುನ್ನ ಎಂಜಿನ್ನಿನ ಜಾತಕ ನೋಡಿ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಂತಹ ಊರಿನಲ್ಲಿ ಹಳೆಯ ಟ್ರ್ಯಾಕ್ಟರ್ ಕೊಳ್ಳಲು ಹೊರಟವರು ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುವುದಿಲ್ಲ, ಎಷ್ಟು ಗಂಟೆ ದುಡಿದಿದೆ ಎಂದು ಮೀಟರ್ ನೋಡುತ್ತಾರೆ. ಬೆಂಗಳೂರಿನಲ್ಲಿ ಲಕ್ಷಾಂತರ ರೂಪಾಯಿ ತೆತ್ತು ಹಳೆಯ ಪೋರ್ಷೆ ಕೊಳ್ಳುವ ಎಷ್ಟೋ ಮಂದಿ ಮಾತ್ರ ಬಣ್ಣಕ್ಕೂ ಸೀಟಿನ ಚರ್ಮಕ್ಕೂ ಮರುಳಾಗಿ ಮುಂಗಡ ಕೊಟ್ಟುಬಿಡುತ್ತಾರೆ. ಎಂಜಿನ್ ಮಿತಿಮೀರಿ ತಿರುಗಿದ್ದರ ಲೆಕ್ಕ ಆ ಕಾರಿನ ಕಂಪ್ಯೂಟರಿನಲ್ಲೇ (ಇಸಿಯು) ದಾಖಲಾಗಿರುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಮಿತಿಮೀರುವುದರಲ್ಲಿ ಎರಡು ಬಗೆ. ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಎಂಜಿನ್ ಕೆಂಪುಗೆರೆ ಮುಟ್ಟಿದರೆ ಕಂಪ್ಯೂಟರ್ ಇಂಧನ ತಡೆದು ವೇಗಕ್ಕೆ ಕಡಿವಾಣ ಹಾಕುತ್ತದೆ. ಇದರಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಐದನೇ ಗೇರಿನಿಂದ ನಾಲ್ಕಕ್ಕೆ ಇಳಿಸುವ ಬದಲು ಕೈತಪ್ಪಿ ಎರಡಕ್ಕೆ ಹಾಕಿದರೆ, ಚಕ್ರಗಳೇ ಎಂಜಿನನ್ನು ಬಲವಂತವಾಗಿ ತಿರುಗಿಸುತ್ತವೆ. ಇಂಧನ ತಡೆದು ಪ್ರಯೋಜನವಿಲ್ಲ. ವೇಗ ಶೇ 10ರಷ್ಟು ಹೆಚ್ಚಿದರೆ ಒಳಗಿನ ಭಾಗಗಳ ಮೇಲಿನ ಜಡತ್ವದ ಒತ್ತಡ ಶೇ 21ರಷ್ಟು ಏರುತ್ತದೆ. ವಾಲ್ವಿನ ಸ್ಪ್ರಿಂಗ್ ಆ ವೇಗಕ್ಕೆ ಹೊಂದಲಾರದೆ ಹೋದರೆ ಪಿಸ್ಟನ್ ಬಂದು ವಾಲ್ವಿಗೇ ಬಡಿಯಬಹುದು. ಕನೆಕ್ಟಿಂಗ್ ರಾಡಿನ ಬೋಲ್ಟ್ ಹಿಗ್ಗಿ, ತಿಂಗಳುಗಳ ನಂತರ ಹೊಸ ಮಾಲೀಕನ ಕೈಯಲ್ಲಿ ತುಂಡಾಗಬಹುದು.

ಪೋರ್ಷೆ 911ರ 997 ಪೀಳಿಗೆಯ ಕಾರುಗಳಲ್ಲಿ ಈ ದಾಖಲೆಗೆ ಆರು ಹಂತಗಳಿವೆ. ಮೊದಲ ಮೂರು ಹಂತಗಳಲ್ಲಿ ದೊಡ್ಡ ಸಂಖ್ಯೆ ಕಂಡರೆ, ಕಾರನ್ನು ಹುರುಪಿನಿಂದ ಓಡಿಸಿದ್ದಾರೆ ಎಂದಷ್ಟೇ ಸಾಮಾನ್ಯವಾಗಿ ತಿಳಿಯಬೇಕು. ನಾಲ್ಕರಿಂದ ಆರರವರೆಗಿನ ಹಂತಗಳು ತಪ್ಪು ಗೇರಿನ ಗುರುತು. ಅಲ್ಲಿ ಸೊನ್ನೆ ಇದ್ದರೆ ನಿಶ್ಚಿಂತೆ.

ಸಂಖ್ಯೆ ನೋಡಿ ಗಾಬರಿಯಾಗುವ ಮುನ್ನ ಒಂದು ಲೆಕ್ಕ ಮಾಡಿಕೊಳ್ಳಿ. ಅಲ್ಲಿ ಎಣಿಸಿರುವುದು ಘಟನೆಗಳನ್ನಲ್ಲ, ಸಿಲಿಂಡರುಗಳ ಕಿಡಿಗಳನ್ನು. ಆರು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಮೂರು ಕಿಡಿ ಹಾರಿಸುತ್ತದೆ. ನಿಮಿಷಕ್ಕೆ 8,000 ಸುತ್ತಿನ ವೇಗದಲ್ಲಿ ಸೆಕೆಂಡಿಗೆ 400 ಕಿಡಿ. ಅಂದರೆ ವರದಿಯಲ್ಲಿ 200 ಎಂದಿದ್ದರೆ ಅದು ಅರ್ಧ ಸೆಕೆಂಡಿನ ಪ್ರಮಾದ.

ಅದು ಯಾವಾಗ ನಡೆಯಿತೆಂಬುದು ಇನ್ನೂ ಮುಖ್ಯ. ಪ್ರತಿ ಹಂತದ ಎದುರು, ಕೊನೆಯ ಬಾರಿ ಎಷ್ಟನೇ ಗಂಟೆಯಲ್ಲಿ ಮಿತಿಮೀರಿತು ಎಂದು ಬರೆದಿರುತ್ತದೆ. ಒಟ್ಟು 1,200 ಗಂಟೆ ಓಡಿದ ಕಾರಿನಲ್ಲಿ 300ನೇ ಗಂಟೆಗೆ ತಪ್ಪು ನಡೆದಿದ್ದರೆ, ನಂತರದ 900 ಗಂಟೆ ಎಂಜಿನ್ ಬದುಕಿದೆ ಎಂದಾಯಿತು. 1,195ನೇ ಗಂಟೆಗೆ ನಡೆದಿದ್ದರೆ ಕಾರು ಏಕೆ ಮಾರಾಟಕ್ಕೆ ಬಂದಿದೆ ಎಂದು ಕೇಳಲೇಬೇಕು.

ಇದೇ ಗಂಟೆಗಳಿಂದ ಓಡೋಮೀಟರಿನ ಸತ್ಯವನ್ನೂ ಒರೆಗೆ ಹಚ್ಚಬಹುದು. 1,200 ಗಂಟೆಗೆ 30,000 ಕಿ.ಮೀ. ಎಂದರೆ ಸರಾಸರಿ ಗಂಟೆಗೆ 25 ಕಿ.ಮೀ., ಬೆಂಗಳೂರಿನ ಕಾರಿಗೆ ಸಹಜವೇ. 1,500 ಗಂಟೆಗೆ 12,000 ಕಿ.ಮೀ. ಎಂದರೆ ಎಂಟು ಕಿ.ಮೀ.! ಸಿಲ್ಕ್ ಬೋರ್ಡ್ ವೃತ್ತದ ಮೇಲೂ ಅಷ್ಟೊಂದು ಅಪವಾದ ಹೊರಿಸಲಾಗದು.

ಪಿಡಿಕೆ ಸ್ವಯಂಚಾಲಿತ ಗೇರ್‌ಬಾಕ್ಸ್ ಇರುವ ಕಾರುಗಳು ತಪ್ಪು ಗೇರಿನ ಆಜ್ಞೆಯನ್ನೇ ನಿರಾಕರಿಸುವುದರಿಂದ ಅಲ್ಲಿ ಈ ಭಯ ಕಡಿಮೆ. ವರದಿಯಲ್ಲಿರುವ ಚಾಸಿ ಸಂಖ್ಯೆಯನ್ನು ಆರ್‌ಸಿಯೊಡನೆ ತಾಳೆ ನೋಡಿ. ಇಸಿಯು ಬದಲಾಯಿಸಿದ್ದರೆ ಹಳೆಯ ಲೆಕ್ಕ ಅದರೊಂದಿಗೇ ಹೋಗಿರುತ್ತದೆ. ಗಂಟೆ ಅನುಮಾನಾಸ್ಪದವಾಗಿ ಕಡಿಮೆಯಿದ್ದರೆ ಸರ್ವಿಸ್ ದಾಖಲೆ ಕೇಳಿ. ಮೇಲಿನ ಹಂತಗಳಲ್ಲಿ ಇತ್ತೀಚಿನ ದಾಖಲೆ ಕಂಡರೆ ಸಿಲಿಂಡರುಗಳ ಕಂಪ್ರೆಷನ್ ಮತ್ತು ಸೋರಿಕೆ ಪರೀಕ್ಷೆ ಮಾಡಿಸದೆ ಹಣ ಕೊಡಬೇಡಿ.