ಬಳೆಯ ಚೂರು ಮತ್ತು ಆವಿಗೆಯ ಗಾಜು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಹಳೆಯ ಊರದಿಣ್ಣೆಗಳನ್ನೂ ಕೋಟೆಗಳ ಆಸುಪಾಸಿನ ಹೊಲಗಳನ್ನೂ ಸುತ್ತಾಡಿದವರಿಗೆ ಗಾಜಿನ ಬಳೆಯ ಚೂರು ಅಪರಿಚಿತವಾದ ವಸ್ತುವಲ್ಲ. ನಮ್ಮ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಹೊರಟಾಗ ಮಡಕೆಯ ಚೂರುಗಳನ್ನು ಆಸ್ಥೆಯಿಂದ ಆಯುತ್ತಾರೆ. ನಾಣ್ಯವೊಂದು ದೊರೆತರೆ ಹಿಗ್ಗುತ್ತಾರೆ. ಬಳೆಯ ಚೂರು ಕಂಡರೆ ಮಾತ್ರ ಅದು ನಿನ್ನೆ ಮೊನ್ನೆಯ ಜಾತ್ರೆಯದೆಂದು ಕಾಲಿನಿಂದ ಸರಿಸಿ ಮುಂದೆ ನಡೆಯುತ್ತಾರೆ. ಅನೇಕ ಸಲ ಅವರ ಊಹೆ ನಿಜವೇ ಆಗಿರುತ್ತದೆ. ಆದರೆ ಎಲ್ಲ ಸಲವೂ ಅಲ್ಲ. ನಿನ್ನೆಯದನ್ನೂ ನಾನೂರು ವರ್ಷಗಳ ಹಿಂದಿನದನ್ನೂ ಬೇರ್ಪಡಿಸುವ ಗುರುತುಗಳು ಚೂರಿನ ಮೈಮೇಲೆಯೇ ಇರುತ್ತವೆ. ಅವುಗಳನ್ನು ಓದಬೇಕಾದರೆ ಬೆಂಕಿಯು ಗಾಜಿಗೆ ಏನು ಮಾಡುತ್ತದೆಂಬುದನ್ನು ಅರಿತಿರಬೇಕು. ಅದನ್ನು ಅರಿಯಲು ಪುಸ್ತಕಕ್ಕಿಂತ ಒಂದು ಸಣ್ಣ ಆವಿಗೆಯು ಹೆಚ್ಚು ಸಹಾಯಕವೆಂಬುದೇ ಪ್ರಸ್ತುತ ಲೇಖನದ ವಿಷಯ.

ಗಾಜಿಗೆ ಬೇಕಾದ ಮುಖ್ಯ ದ್ರವ್ಯಗಳು ಮೂರು: ಸಿಲಿಕವುಳ್ಳ ಮರಳು ಅಥವಾ ಬೆಣಚುಕಲ್ಲು, ಕ್ಷಾರ, ಸುಣ್ಣ. ಶುದ್ಧ ಸಿಲಿಕವು ಕರಗಲು 1700 ಡಿಗ್ರಿ ಸೆಲ್ಸಿಯಸಿನಷ್ಟು ಶಾಖ ಬೇಕು. ಕ್ಷಾರವು ಬೆರೆತೊಡನೆ ಆ ಶಾಖ ಬಹಳ ಇಳಿಯುತ್ತದೆ. ಹಾಗೆ ಕರಗಿದುದು ನೀರಿನಲ್ಲಿ ಕದಡದಂತೆ ಸುಣ್ಣವು ಕಾಯುತ್ತದೆ. ಈಗಿನ ಕಿಟಕಿಯ ಗಾಜಿನಲ್ಲಿ ಸಿಲಿಕವು ಸೇಕಡಾ 70ಕ್ಕಿಂತ ತುಸು ಹೆಚ್ಚು. ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭೆಯು ಸೀಳಿಕೊಂಡು ಹರಿದಿರುವ ಬೆಟ್ಟವನ್ನು ನೋಡಿದವರಿಗೆ ಸಿಲಿಕದ ಬಡತನ ಈ ನಾಡಿಗಿಲ್ಲವೆಂದು ಹೇಳಬೇಕಾಗಿಲ್ಲ. ಎರೆಭೂಮಿಯ ತಗ್ಗುಗಳಲ್ಲಿ ಬೇಸಗೆಗೆ ಬೆಳ್ಳಗೆ ಉಬ್ಬುವ ಸವಳು ರೈತನಿಗೆ ಶಾಪವಾದರೂ ಸೋಡಾಯುಕ್ತವಾದ ಸವಳಾದರೆ ಗಾಜುಗಾರನಿಗೆ ಅದು ಬಂಡವಾಳ. ಆದರೆ ಸಾಮಗ್ರಿ ಇದ್ದ ಮಾತ್ರಕ್ಕೆ ಕಸುಬು ಇತ್ತೆಂದು ನಿರ್ಣಯಿಸುವುದು ತಪ್ಪು. ಗಾಜು ಮಾಡಿದ ಸ್ಥಳವೆನ್ನಬೇಕಾದರೆ ಮೂಸೆಯ ತುಂಡುಗಳು, ಗಾಜು ಅಂಟಿದ ಒಲೆಗೋಡೆ, ಹನಿಬಿದ್ದ ಗಾಜಿನ ಗುಂಡುಗಳು ಕಾಣಬೇಕು. ಕೇವಲ ಬಳೆಯ ಚೂರುಗಳಿದ್ದರೆ ಅಲ್ಲಿ ಬಳೆ ಇಟ್ಟುಕೊಂಡವರು ಇದ್ದರೆಂದಷ್ಟೇ ಅರ್ಥ.

ಕರ್ನಾಟಕದಲ್ಲಿ ಗಾಜಿನ ಕಸುಬಿನ ಸ್ಪಷ್ಟವಾದ ಬರೆಹ ದೊರೆಯುವುದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲೂಕಿನ ಮತ್ತೋಡಿನ ವಿಷಯವಾಗಿ. ಟಿಪ್ಪುಸುಲ್ತಾನನ ಪತನದ ತರುವಾಯ 1800-1801ರಲ್ಲಿ ಈ ಸೀಮೆಗಳನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಮೂರು ಸಂಪುಟಗಳ ಪ್ರವಾಸಗ್ರಂಥದಲ್ಲಿ ಆ ಊರಿನ ಬಳೆಯ ಉದ್ಯೋಗವನ್ನು ವಿವರಿಸಿದ್ದಾನೆ. ಅಲ್ಲಿಯ ಗಾಜು ಒರಟು, ಬೆಳಕು ಹಾಯದಂಥದು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣದ್ದು. ಸವಳುಮಣ್ಣು, ಬೆಣಚುಕಲ್ಲು ಮೊದಲಾದವು ಸುತ್ತಮುತ್ತಲಿನವೇ. ಕರಗಿದ ಗಾಜನ್ನು ಕಬ್ಬಿಣದ ಸಲಾಕೆಯಿಂದ ತುಸುವೇ ಎತ್ತಿ, ಸಣ್ಣ ಉಂಗುರವಾಗಿಸಿ, ಅದನ್ನು ಸುಟ್ಟ ಮಣ್ಣಿನ ಶಂಕುವಿಗೆ ಸಿಕ್ಕಿಸಿ, ಜ್ವಾಲೆಯ ಬಾಯಲ್ಲಿ ಹಿಡಿದು ತಿರುಗಿಸುತ್ತಿದ್ದರು. ತಿರುಗಿದಂತೆ ಉಂಗುರವು ಹಿಗ್ಗಿ ಬಳೆಯಾಗುತ್ತಿತ್ತು. ಈ ಬಗೆಯಿಂದಾದ ಬಳೆಗೆ ಬೆಸುಗೆ ಎಂಬುದೇ ಇರುವುದಿಲ್ಲವೆಂಬುದನ್ನು ಗಮನದಲ್ಲಿಡಬೇಕು.

ಇಂದು ಸವದತ್ತಿಯ ಗುಡ್ಡದ ಅಂಗಡಿಗಳಿಗೆ ಬರುವ ಬಳೆ ಬಹುಮಟ್ಟಿಗೆ ಉತ್ತರಪ್ರದೇಶದ ಫಿರೋಜಾಬಾದಿನದು. ಅಲ್ಲಿಯ ಕ್ರಮವೇ ಬೇರೆ. ಕಾದ ಗಾಜಿನ ಎಳೆಯನ್ನು ತಿರುಗುವ ದಂಡಕ್ಕೆ ಸುರುಳಿಯಾಗಿ ಸುತ್ತಿ, ಸುರುಳಿಯನ್ನು ಉದ್ದಕ್ಕೆ ಕೊಯ್ದು, ಬಿಡಿಯಾದ ಒಂದೊಂದು ಸುತ್ತಿನ ಎರಡು ತುದಿಗಳನ್ನು ದೀಪದ ಉರಿಯಲ್ಲಿ ಕೂಡಿಸುತ್ತಾರೆ. ಬಣ್ಣ, ಬಂಗಾರದ ರೇಖೆಗಳನ್ನು ಹಚ್ಚಿದ ಮೇಲೆ ಮತ್ತೊಮ್ಮೆ ಭಟ್ಟಿಯಲ್ಲಿ ಸುಡುತ್ತಾರೆ. ಮೊದಲನೆಯದರಲ್ಲಿ ಬೆಸುಗೆಯಿಲ್ಲ, ಎರಡನೆಯದರಲ್ಲಿ ಉಂಟು. ಇಷ್ಟನ್ನು ತಿಳಿದವನು ಅರ್ಧ ಕೆಲಸವನ್ನು ಮಾಡಿದಂತೆಯೇ ಸರಿ. ಆದರೆ ಚೂರು ಎಂದರೆ ಚೂರು. ಬೆಸುಗೆಯಿದ್ದ ಭಾಗವೇ ನಮ್ಮ ಕೈಗೆ ಬರಬೇಕೆಂಬ ನಿಯಮವಿಲ್ಲ. ಆಗ ಗಾಜಿನ ಒಡಲನ್ನೇ ನೋಡಬೇಕಾಗುತ್ತದೆ.

ಇಲ್ಲಿ ಆವಿಗೆಯ ಗಾಜುಗೆಲಸ ನಮ್ಮ ನೆರವಿಗೆ ಬರುತ್ತದೆ. ಇದರಲ್ಲಿ ಗಾಜನ್ನು ಹೊಸದಾಗಿ ಕರಗಿಸಿ ತಯಾರಿಸುವುದಿಲ್ಲ, ಊದುವುದೂ ಇಲ್ಲ. ಆಗಲೇ ಆಗಿರುವ ಗಾಜನ್ನು ಆವಿಗೆಯಲ್ಲಿಟ್ಟು, ಕೈ ಮುಟ್ಟಿಸದೆ, ಶಾಖ ಮತ್ತು ಭಾರಗಳಿಂದಲೇ ರೂಪುಗೊಳ್ಳಲು ಬಿಡುತ್ತಾರೆ. ಸಾಮಾನ್ಯ ಕಿಟಕಿಯ ಗಾಜು ಸುಮಾರು 650ರಿಂದ 700 ಡಿಗ್ರಿಯಲ್ಲಿ ಮೆತ್ತಗಾಗಿ ಕೆಳಗಿನ ಅಚ್ಚಿನೊಳಗೆ ಬಾಗುತ್ತದೆ. 730-760ರ ಸುಮಾರಿಗೆ ಅದರ ಚೂಪಾದ ಅಂಚುಗಳು ದುಂಡಾಗಿ, ಒಂದರ ಮೇಲೊಂದಿಟ್ಟ ತುಂಡುಗಳು ತಮ್ಮ ಆಕಾರವನ್ನು ಬಿಡದೆಯೇ ಅಂಟಿಕೊಳ್ಳುತ್ತವೆ. 800-840ರಲ್ಲಿ ಎರಡೂ ಒಂದಾಗಿ ಸಮತಲವಾಗುತ್ತವೆ. ಆಗ ಇನ್ನೊಂದು ವಿಶೇಷವನ್ನು ಕಾಣಬಹುದು: ಗಾಜು ಸುಮಾರು 6 ಮಿಲಿಮೀಟರು ದಪ್ಪಕ್ಕೆ ಬರಲು ಹವಣಿಸುತ್ತದೆ. ಅದಕ್ಕಿಂತ ತೆಳುವಾಗಿದ್ದರೆ ಅಂಚುಗಳು ಒಳಸರಿಯುತ್ತವೆ. ದಪ್ಪವಾಗಿದ್ದರೆ ಹೊರಕ್ಕೆ ಹರಡುತ್ತವೆ. ಮೇಲ್ಮೈಯ ಎಳೆತವೂ ಭಾರವೂ ಸಮವಾಗುವ ದಪ್ಪ ಅದು.

ಕಾಯಿಸುವುದಕ್ಕಿಂತ ಆರಿಸುವುದೇ ಕಠಿಣ. ಮೇಲ್ಮೈ ಬೇಗ ಆರಿ ಒಡಲು ಇನ್ನೂ ಬಿಸಿಯಾಗಿದ್ದರೆ ಗಾಜಿನೊಳಗೆ ಬಿಗಿತ ಉಳಿದು, ಅದು ಆಗಲೇ ಒಡೆಯಬಹುದು ಅಥವಾ ಒಂದು ವಾರ ಬಿಟ್ಟು ಮೇಜಿನ ಮೇಲೆ ತಾನಾಗಿ ಸಿಡಿಯಬಹುದು. ಆದುದರಿಂದ ಸುಮಾರು 540 ಡಿಗ್ರಿಯಲ್ಲಿ ಗಾಜನ್ನು ನಿಲ್ಲಿಸಿ, 6 ಮಿಲಿಮೀಟರಿನ ಫಲಕಕ್ಕೆ ಒಂದು ತಾಸಿನಷ್ಟು ಕಾಲ ಕೊಟ್ಟು, ಅಲ್ಲಿಂದ ನಿಧಾನವಾಗಿ ಇಳಿಸಬೇಕು. ಕುತೂಹಲದಿಂದ ಬಾಗಿಲು ತೆರೆದವನು ಕೆಟ್ಟ. ಕುಂಬಾರರ ಮನೆಯಲ್ಲಿ ಬೆಳೆದವರಿಗೆ ಈ ತಾಳ್ಮೆಯನ್ನು ಕಲಿಸಬೇಕಾಗಿಲ್ಲ, ಕಾಲೇಜಿನ ಹುಡುಗರಿಗೆ ಕಲಿಸಬೇಕು.

ಉಪಕರಣಗಳು ಹೆಚ್ಚೇನಲ್ಲ. ಸಣ್ಣ ವಿದ್ಯುತ್ ಆವಿಗೆ. ಶಾಖವನ್ನಳೆಯಲು ಎರಡು ಲೋಹಗಳ ತಂತಿಯ ಥರ್ಮೊಕಪಲ್ಲು. ಅದರ ಮೇಲೆ ನಂಬಿಕೆ ಸಾಲದಿದ್ದರೆ ಜೊತೆಗೆ, 1886ರಲ್ಲಿ ಬರ್ಲಿನ್ನಿನ ಹರ್ಮನ್ ಸೇಗರನು ರೂಢಿಗೆ ತಂದ, ಗೊತ್ತಾದ ಶಾಖಕ್ಕೆ ತಲೆಬಾಗುವ ಮಣ್ಣಿನ ಶಂಕು. ಗಾಜು ಹಲಗೆಗೆ ಅಂಟದಂತೆ ಬಿಳಿಜೇಡಿ ಮತ್ತು ಅಲ್ಯುಮಿನ ಹೈಡ್ರೇಟನ್ನು ನೀರಲ್ಲಿ ಕಲಸಿ ಬಳಿದು ಒಣಗಿಸಬೇಕು. ಗಾಜನ್ನು ಕೊಯ್ಯುವ ಗಾಲಿ, ಇಕ್ಕಳ, ಕಣ್ಣಿಗೆ ಕನ್ನಡಕ, ಪುಡಿಯನ್ನು ತಡೆಯುವ ಮುಖವಾಡ. ಈ ಕೊನೆಯದನ್ನು ಅಲಕ್ಷಿಸಬಾರದು. ಸಿಲಿಕದ ಧೂಳು ಶ್ವಾಸಕೋಶವನ್ನು ಮರಳಿ ಬಿಡುವುದಿಲ್ಲ. ಕಿತ್ತೂರಿನವರಿಗೆ ನೆರೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಕೇಂದ್ರೀಯ ಸಂಸ್ಥೆಯಿದೆ. ಆವಿಗೆಯ ಗುಣಾವಗುಣಗಳನ್ನು ಅರಿಯಲು ಅದು ಯೋಗ್ಯವಾದ ಸ್ಥಳ.

ನಮ್ಮ ಮೊದಲ ಪ್ರಯೋಗದ ಕತೆಯನ್ನು ಹೇಳುವುದು ಅಪ್ರಸ್ತುತವಾಗಲಾರದು. ಪೇಟೆಯ ಹಸಿರು ಬಳೆ, ಕೆಂಪು ಬಳೆಗಳನ್ನು ಪುಡಿಮಾಡಿ, ಕಿಟಕಿಯ ಗಾಜಿನ ತುಂಡಿನ ಮೇಲೆ ಹರಡಿ, 820 ಡಿಗ್ರಿಗೆ ಏರಿಸಿದೆವು. ಫಲಕವು ಸುಂದರವಾಗಿಯೇ ಹೊರಬಂದಿತು. ಮರುದಿನ ಮುಂಜಾನೆ ನೋಡಿದರೆ, ಎರಡು ಬಗೆಯ ಗಾಜು ಕೂಡಿದಲ್ಲೆಲ್ಲ ಬಿರುಕು. ಆರಿಸುವುದರಲ್ಲಿ ತಪ್ಪಾಯಿತೆಂದು ತಿಳಿದು ಮತ್ತೊಮ್ಮೆ ಇನ್ನೂ ನಿಧಾನವಾಗಿ ಆರಿಸಿದೆವು, ಫಲ ಅದೇ. ದೋಷವಿದ್ದುದು ಗಾಜುಗಳ ಹೊಂದಾಣಿಕೆಯಲ್ಲಿ. ಶಾಖಕ್ಕೆ ಎಲ್ಲ ಗಾಜುಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲ. ಬೇರೆ ಬೇರೆ ಪಾಕದ ಗಾಜುಗಳು ಕೂಡಿ ಆರುವಾಗ ಒಂದು ಇನ್ನೊಂದನ್ನು ಎಳೆಯುತ್ತದೆ. ಎರಡು ಧ್ರುವೀಕರಣ ಪಟಲಗಳ ನಡುವೆ ಅಂಥ ತುಂಡನ್ನು ಹಿಡಿದರೆ ಕೂಡಿದ ಸ್ಥಳದ ಸುತ್ತ ಬೆಳಕಿನ ಪ್ರಭೆಯೊಂದು ಕಾಣುತ್ತದೆ. ಅದೇ ಬಿಗಿತದ ಸಾಕ್ಷಿ.

ಈ ಸೋಲಿನಿಂದಲೇ ಇತಿಹಾಸದ ಒಂದು ಸಂಗತಿ ನನಗೆ ಹೊಳೆಯಿತು. ಡಾ. ಸಾಂಕಳಿಯಾ ಮತ್ತು ಡಾ. ದೀಕ್ಷಿತರು 1945-46ರಲ್ಲಿ ಕೊಲ್ಲಾಪುರದ ಬ್ರಹ್ಮಪುರಿಯಲ್ಲಿ ನಡೆಸಿದ ಉತ್ಖನನದಲ್ಲಿ ಬಹಮನಿ ಕಾಲದ ಗಾಜಿನ ಬಳೆಗಳು ಹೇರಳವಾಗಿ ದೊರೆತವು. ಅವುಗಳಲ್ಲಿ ಹಲವು ಬಣ್ಣಗಳನ್ನು ಕೂಡಿಸಿದವೂ ಇವೆ. ನಾಲ್ಕಾರು ಶತಮಾನ ಮಣ್ಣಿನಲ್ಲಿದ್ದರೂ ಬಣ್ಣಗಳು ಒಂದನ್ನೊಂದು ಬಿಟ್ಟಿಲ್ಲ. ಆ ಕುಶಲರು ಒಂದೇ ಮೂಲಗಾಜನ್ನು ಹಲವು ಮೂಸೆಗಳಿಗೆ ಹಂಚಿ ಬೇರೆ ಬೇರೆ ಬಣ್ಣದ ದ್ರವ್ಯಗಳನ್ನು ಬೆರೆಸುತ್ತಿದ್ದರೆಂದೇ ಇದರಿಂದ ಊಹಿಸಬೇಕಾಗುತ್ತದೆ. ಬಣ್ಣಗಳು ಬೇರೆ, ಪಾಕ ಒಂದೇ. ವಿಸ್ತರಣ ಗುಣಾಂಕವೆಂಬ ಶಬ್ದವು ಅವರಿಗೆ ತಿಳಿಯದಿದ್ದರೂ ಅದರ ವ್ಯವಹಾರವು ತಿಳಿದಿತ್ತು. ದೀಕ್ಷಿತರು 1969ರಲ್ಲಿ ಪ್ರಕಟವಾದ ತಮ್ಮ ಭಾರತೀಯ ಗಾಜಿನ ಇತಿಹಾಸದಲ್ಲಿ ಇಂಥ ಸಾಮಗ್ರಿಯನ್ನು ಒಟ್ಟುಗೂಡಿಸಿದ್ದಾರೆ. ಬಣ್ಣ ಕೂಡಿದ ಚೂರು ನಮ್ಮ ತಾಲೂಕುಗಳಲ್ಲಿ ದೊರೆತರೆ ಅದನ್ನು ಮೊದಲು ಬ್ರಹ್ಮಪುರಿಯವುಗಳೊಡನೆ ಹೋಲಿಸಿ ನೋಡುವುದು ಯುಕ್ತ.

ಇನ್ನು ಗುರುತುಗಳು. ಹತ್ತು ಪಟ್ಟು ಹಿಗ್ಗಿಸುವ ಮಸೂರವೊಂದಿದ್ದರೆ ಸಾಕು. ಆವಿಗೆಯಲ್ಲಿ ಕದಲದೆ ಕರಗಿದ ಗಾಜಿನೊಳಗಿನ ಗುಳ್ಳೆಗಳು ದುಂಡಾಗಿರುತ್ತವೆ. ಎಳೆದ ಗಾಜಿನಲ್ಲಿ ಅವು ಎಳೆತದ ದಿಕ್ಕಿಗೆ ಉದ್ದವಾಗಿ ಜೋಳದ ಕಾಳಿನಂತೆಯೋ ಸೂಜಿಯಂತೆಯೋ ತೋರುತ್ತವೆ. ಸುರುಳಿಯಿಂದಾದ ಬಳೆಯಲ್ಲಿ ಈ ಸೂಜಿಗಳು ಬಹಳ ನೀಳ. ಬೆಸುಗೆಯ ಬಳಿ ಥಟ್ಟನೆ ತುಂಡಾಗಿ, ಅಲ್ಲಿ ಗಾಜು ತುಸು ಉಬ್ಬಿರುತ್ತದೆ. ಶಂಕುವಿನ ಮೇಲೆ ಹಿಗ್ಗಿದ ಬಳೆಯ ಒಳಮೈ ಚಪ್ಪಟೆ. ಶಂಕುವಿನ ಓರೆಯಿಂದಾಗಿ ಒಂದು ಅಂಚಿನ ವ್ಯಾಸವು ಇನ್ನೊಂದಕ್ಕಿಂತ ಕಿರಿದು. ಮಣ್ಣು ತಾಗಿದುದರಿಂದ ಹೊಳಪು ಕಡಿಮೆ. ಅಚ್ಚಿನಲ್ಲಿ ಒತ್ತಿದ ಬಳೆಯಲ್ಲಿ ಅಚ್ಚಿನ ಭಾಗಗಳು ಕೂಡಿದ ಸಣ್ಣ ಗೆರೆ ಇರುವುದುಂಟು. ಇಷ್ಟರಿಂದ ಕಾಲನಿರ್ಣಯವಾಗುವುದಿಲ್ಲ, ತಂತ್ರದ ನಿರ್ಣಯವಾಗುತ್ತದೆ. ಅದಕ್ಕೂ ಮುಂದೆ ಹೋಗಬೇಕಾದರೆ ರಾಸಾಯನಿಕ ವಿಶ್ಲೇಷಣೆಯೇ ಬೇಕು: ಸವಳುಮಣ್ಣಿನಿಂದಾದ ಹಳೆಯ ದೇಶೀ ಗಾಜಿನಲ್ಲಿ ಅಲ್ಯುಮಿನದ ಪ್ರಮಾಣ ಹೆಚ್ಚು, ಕಾರ್ಖಾನೆಯ ಸೋಡಾದಿಂದಾದ ಗಾಜಿನಲ್ಲಿ ಕಡಿಮೆ.

ಒಡೆದ ಅಂಚನ್ನೂ ನೋಡಬೇಕು. ಹೊಸದಾಗಿ ಒಡೆದ ಗಾಜಿನ ಅಂಚು ಚಿಪ್ಪಿನಂತೆ ಬಾಗಿ ಚೂಪಾಗಿರುತ್ತದೆ. ನೀರಿನಲ್ಲಿ ಉರುಳಿದುದರ ಅಂಚು ಸವೆದು ಮಂಕಾಗಿರುತ್ತದೆ. ಅಂಚು ದುಂಡಾಗಿದ್ದೂ ಹೊಳಪಿದ್ದರೆ, ಆ ಚೂರು ಒಡೆದ ಮೇಲೆ ಬೆಂಕಿಗೆ ಸಿಕ್ಕಿದೆಯೆಂದು ತಿಳಿಯಬೇಕು; ಪಾಕಕ್ಕನುಸಾರವಾಗಿ ಹೆಚ್ಚುಕಡಿಮೆಯಾದರೂ ಆ ಬೆಂಕಿ 700 ಡಿಗ್ರಿಯ ಆಸುಪಾಸಿನದು. ನಮ್ಮ ಆವಿಗೆಯಲ್ಲಿ ಈ ಮೂರನ್ನೂ ಪಕ್ಕಪಕ್ಕಕ್ಕಿಟ್ಟು ವಿದ್ಯಾರ್ಥಿಗಳಿಗೆ ತೋರಿಸಿದೆವು. ಕಿತ್ತೂರಿನಂತಹ, 1824ರ ಡಿಸೆಂಬರಿನಲ್ಲಿ ಕುಂಪಣಿಯ ವಶವಾದ ಬಳಿಕ ಹಾಳಾದ ಕೋಟೆಗಳ ಇತಿಹಾಸದಲ್ಲಿ ಯಾವ ಕಟ್ಟಡ ಸುಟ್ಟಿತು, ಯಾವುದು ಬರಿದೇ ಕುಸಿಯಿತು ಎಂಬ ಪ್ರಶ್ನೆಗೆ ಇಂಥ ಚೂರು ಉತ್ತರವನ್ನು ಸೂಚಿಸಬಲ್ಲದು, ಅದು ಯಾವ ಪದರದಲ್ಲಿತ್ತೆಂಬುದು ದಾಖಲಾಗಿದ್ದರೆ ಮಾತ್ರ. ಸಂರಕ್ಷಿತ ಸ್ಥಳಗಳಲ್ಲಿ ಚೂರನ್ನು ಎತ್ತಿಕೊಳ್ಳಲಾಗದು. ಅಳೆದು, ಚಿತ್ರಿಸಿ, ಅಲ್ಲಿಯೇ ಬಿಟ್ಟು, ಇಲಾಖೆಗೆ ತಿಳಿಸುವುದು ಕ್ರಮ.

ಸವದತ್ತಿಯ ಗುಡ್ಡದ ಮಾತು ಬೇರೆ. ಅಲ್ಲಿ ಮಾರ್ಗಶಿರದ ಹುಣ್ಣಿಮೆಗೆ ಬಳೆ ಒಡೆಯುವ, ಭಾರತ ಹುಣ್ಣಿಮೆಗೆ ಹಸಿರು ಬಳೆ ಇಡುವ ಸಂಪ್ರದಾಯದಿಂದಾಗಿ ನೆಲದಲ್ಲಿ ಹೊಸ ಚೂರುಗಳು ವಿಪುಲ. ಈ ಆಚರಣೆಯೊಡನೆ ಹೆಣೆದುಕೊಂಡಿದ್ದ ದೇವದಾಸಿ ಪದ್ಧತಿಯನ್ನು ಕರ್ನಾಟಕದ 1982ರ ಶಾಸನವು ನಿಷೇಧಿಸಿತು. ಆ ಚೂರುಗಳಲ್ಲಿ ಹೆಂಗಸರ ಬದುಕಿನ ನೋವೂ ಇದೆ. ಪುರಾತತ್ತ್ವದವನು ಅದನ್ನು ಬರಿಯ ಕಸವೆನ್ನಲಾರ. ಆದರೆ ಮೇಲ್ಮಣ್ಣಿನ ಹಸಿರು ಚೂರನ್ನು ರಟ್ಟರ ಸುಗಂಧವರ್ತಿಯ ಕಾಲಕ್ಕೆ ಒಯ್ಯುವ ಆತುರವೂ ಸಲ್ಲದು.

ವಿದ್ಯಾರ್ಥಿದೆಸೆಯಲ್ಲಿ ನಾನು ಈ ನಾಲ್ಕೂ ತಾಲೂಕುಗಳ ಹೊಲಗಳಿಂದ ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಚೂರುಗಳನ್ನು ಕೂಡಿಸಿದ್ದೆ. ಸ್ಥಳ ಬರೆದ ಚೀಟಿಗಳನ್ನು ಚೂರುಗಳೊಡನೆ ಹಾಗೆಯೇ ಹಾಕಿದ್ದರಿಂದ ಯಾವ ಚೀಟಿ ಯಾವುದರದೆಂಬುದು ಹೋಯಿತು. ಊರದಿಣ್ಣೆಗಳ ಮಣ್ಣನ್ನು ಹೊಲಕ್ಕೆ ಗೊಬ್ಬರವೆಂದು ಸಾಗಿಸುವುದು ನಮ್ಮಲ್ಲಿ ರೂಢಿ. ನಾನು ಆಯ್ದ ದಿಣ್ಣೆಗಳಲ್ಲಿ ಎರಡು ಈಗ ಇಲ್ಲ. ಆ ಡಬ್ಬಿ ನನ್ನ ಮೇಜಿನ ಮೇಲಿದೆ; ಶಂಕುವಿನ ಮೇಲೆ ಮಾಡಿದ ಐದು ಚೂರುಗಳು ಅದರಲ್ಲಿವೆಯೆಂದು ಈಗ ಹೇಳಬಲ್ಲೆ, ಎಲ್ಲಿಯವೆಂದು ಹೇಳಲಾರೆ. ಈಗ ನಮ್ಮ ವಿದ್ಯಾರ್ಥಿಗಳು ಚೂರಿನ ಒಳಮೈಗೆ ತೆಳುವಾಗಿ ಅರಗು ಬಳಿದು, ಒಣಗಿದ ಮೇಲೆ ಅದರ ಮೇಲೆಯೇ ಮಸಿಯಿಂದ ಸಂಖ್ಯೆ ಬರೆಯುತ್ತಾರೆ. ಗೆರೆಗಳು ಕಾಣಬೇಕಾದ ಹೊರಮೈ ಬರಿದಾಗಿಯೇ ಇರುತ್ತದೆ.