ಶಹಾಬಾದದ ಕಡಲ ದಂಡೆ

ರಜೆ ಎರಡೇ ದಿನ. ಕಲಬುರಗಿ ಜಿಲ್ಲೆಯ ಶಹಾಬಾದದಿಂದ ಗೋಕರ್ಣ, ಕಾರವಾರ ಅಂದರೆ ಅಷ್ಟೂ ಹೊತ್ತು ಗಾಡಿಯಲ್ಲೇ ಕಳೆಯಬೇಕು. "ಹಂಗಾದ್ರ ನಮ್ಮ ಶಹಾಬಾದದ ಸಮುದ್ರಾನೇ ನೋಡೂಣು ನಡೀರಿ" ಅಂದೆ. ಅಕ್ಕನ ಮಗ ನಕ್ಕ. "ಮಾಮಾ, ಕಾಗಿಣಾ ಹೊಳ್ಯಾಗ ಮೊಣಕಾಲ ತನಕ ನೀರಿಲ್ಲ, ಸಮುದ್ರ ಎಲ್ಲಿಂದ ತರ್ತೀರಿ?"

ಎಳ್ಳಮವಾಸ್ಯೆಯ ಮರುದಿನ. ಹೊಲದಲ್ಲಿ ಚರಗ ಚೆಲ್ಲಿ ಉಂಡು ಉಳಿದಿದ್ದ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಡಬ್ಬಿಗೆ ತುಂಬಿಕೊಂಡು ನಸುಕಿನಲ್ಲೇ ಹೊರಟೆವು.

ಊರು ದಾಟಿದ ಕೂಡಲೇ ಗಾಡಿ ನಿಲ್ಲಿಸಿದ್ದು ಒಂದು ಫರ್ಸಿ (ಹಾಸುಗಲ್ಲು) ಖಣಿಯ ಹತ್ತಿರ. ಒಂದು ಕಡೆ ಕೆಲಸ ಬಿಟ್ಟ ಹಳೇ ಗುಂಡಿ, ಅರ್ಧ ತುಂಬಿದ ಹಸಿರು ನೀರು. ಇನ್ನೊಂದು ಕಡೆ ಕೆಲಸ ನಡೆದಿತ್ತು. ಗುಂಡಿಯ ಗೋಡೆ ನೋಡಿದರೆ ಹಬ್ಬದ ಮನೆಯಲ್ಲಿ ರೊಟ್ಟಿ ಒಟ್ಟಿದ ಹಾಗೆ: ಪದರದ ಮೇಲೆ ಪದರ, ಒಂದೂ ಡೊಂಕಿಲ್ಲ. ಮೇಲೆ ಕರಿಮಣ್ಣು, ತೊಗರಿ ಬೆಳೆ. ಕೆಳಗೆ ನೀಲಿ-ಬೂದಿ ಬಣ್ಣದ ಕಲ್ಲು. ಹಾರಿ ಹಿಡಿದಿದ್ದ ಒಬ್ಬ ಮುದುಕರು ನಮ್ಮ ಕುತೂಹಲ ನೋಡಿ ಅಂದರು, "ಇದಕ್ಕ ಮದ್ದು ಬ್ಯಾಡ್ರಿ. ಸಂದು ನೋಡಿ ಹಾರಿ ಕೊಟ್ರ ತಾನೇ ಏಳ್ತದ."

ಆ ಸಂದೇ ನಮ್ಮ ಸಮುದ್ರದ ಸಾಕ್ಷಿ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಆಳವಿಲ್ಲದ ಕಡಲಿತ್ತು. ಮೊದಲು ದಂಡೆಯ ಮರಳು ಬಿದ್ದು ಮರಳುಗಲ್ಲಾಯಿತು. ಅದರ ಮೇಲೆ ಸುಣ್ಣದ ಕೆಸರು ತೆಳ್ಳಗೆ, ಸಾವಕಾಶವಾಗಿ ಕೂತಿತು. ಕೆಸರು ಕೂಡುವುದು ನಿಂತು ಮತ್ತೆ ಶುರುವಾದಲ್ಲೆಲ್ಲ ಒಂದು ಸಂದು ಉಳಿಯಿತು. ಭೂವಿಜ್ಞಾನಿಗಳು ಇದನ್ನು ಭೀಮಾ ಬೇಸಿನ್ ಅನ್ನುತ್ತಾರೆ. ಸುಣ್ಣಕಲ್ಲಿನ ಪದರಕ್ಕಂತೂ ನಮ್ಮೂರಿನದೇ ಹೆಸರು. ಅಳಿಯ ಚಿಪ್ಪು, ಶಂಖ ಹುಡುಕತೊಡಗಿದ. ಸಿಗಲಿಲ್ಲ. ಚಿಪ್ಪಿನ ಪ್ರಾಣಿಗಳೇ ಹುಟ್ಟಿರದ ಕಾಲದ ಕಡಲಿದು. ಗೋಕರ್ಣದಲ್ಲಿ ಕೊಳ್ಳಲು ಸಿಗುವುದು ಇಲ್ಲಿ ಸಿಗದು. ಆದರೆ ಇಲ್ಲಿನ ಕಡಲತಳವನ್ನು ಚದರ ಅಡಿ ಲೆಕ್ಕದಲ್ಲಿ ಕೊಂಡು ಮನೆಗೆ ಹಾಸಿಕೊಳ್ಳಬಹುದು. ನಮ್ಮ ಕಡೆ ಪಡಸಾಲೆ, ಕಟ್ಟೆ, ಮೆಟ್ಟಿಲು, ಬಚ್ಚಲು ಎಲ್ಲ ಅದೇ. ಬೇಸಿಗೆಯ ಮಧ್ಯಾಹ್ನ ಫರ್ಸಿಯ ಮೇಲೆ ನೀರು ಚಿಮುಕಿಸಿ ಬೆನ್ನು ಹಚ್ಚಿ ಮಲಗಿದವರಿಗೇ ಅದರ ಬೆಲೆ ಗೊತ್ತು.

ಮುಂದೆ ವಾಡಿಯಲ್ಲಿ ಈ ಕಡಲು ಪುಡಿಯಾಗುತ್ತದೆ. 1968ರಿಂದ ಇಲ್ಲಿ ಸಿಮೆಂಟ್ ಕಾರ್ಖಾನೆ. ಸುಣ್ಣಕಲ್ಲನ್ನು ಅರೆದು, ಜೇಡಿಮಣ್ಣಿನಂಥವು ಬೆರೆಸಿ, ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟರೆ ಕ್ಲಿಂಕರ್; ಅದಕ್ಕೆ ಜಿಪ್ಸಂ ಹಾಕಿ ಮತ್ತೆ ಅರೆದರೆ ಸಿಮೆಂಟು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಬಂದದ್ದು 1874ರಲ್ಲಿ. ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು ಎಂದು ಹಳಿ ಹಿಡಿದು ಹೋದರೆ ಕಲ್ಲಿನ ಊರುಗಳೇ. ಆಂಧ್ರ, ತೆಲಂಗಾಣದವರು ಅದನ್ನೇ ತಾಂಡೂರು ಕಲ್ಲು ಅಂದು ಮಾರುತ್ತಾರೆ. ನಮಗೆ ಸ್ವಲ್ಪ ಹೊಟ್ಟೆಕಿಚ್ಚು ಇದ್ದೇ ಇದೆ.

ಚಿತ್ತಾಪುರದಲ್ಲಿ ಚಹಾ, ಮಿರ್ಚಿ. ಅಲ್ಲಿಂದ ನೇರ ಮಳಖೇಡ.

ಕಾಗಿಣಾ ದಂಡೆಯ ಕೋಟೆಯೊಳಗೆ ಕಾಲಿಟ್ಟಾಗ ಹತ್ತೂವರೆ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಅಮೋಘವರ್ಷ ನೃಪತುಂಗ ಆಳಿದ ರಾಜಧಾನಿ, 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನ. ಈಗ ಕಾಣುವ ಗೋಡೆ, ಬುರುಜುಗಳ ಮೇಲೆ ಆಮೇಲಿನವರ ಕೈಯೂ ಬಿದ್ದಿದೆ. ಕಲ್ಲು ಮಾತ್ರ ಅದೇ ಫರ್ಸಿ, ಅದೇ ಪದರ. ಅಳಿಯನಿಗೆ ನಿಜವಾದ ಸಮುದ್ರದ ಕಥೆ ಹೇಳಿದ್ದು ಇಲ್ಲೇ. 851ರ ಹೊತ್ತಿನ ಅರಬ್ ವ್ಯಾಪಾರಿ ಸುಲೇಮಾನನ ಹೆಸರಿನ ವೃತ್ತಾಂತವು ಲೋಕದ ನಾಲ್ಕು ದೊಡ್ಡ ಅರಸರಲ್ಲಿ 'ಬಲ್ಹರಾ'ನನ್ನೂ ಎಣಿಸುತ್ತದೆ. ಜೊತೆಗಿದ್ದವರು ಬಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ಕಾನ್‌ಸ್ಟಾಂಟಿನೋಪಲ್ಲಿನ ದೊರೆ. ಬಲ್ಹರಾ ಅಂದರೆ ವಲ್ಲಭರಾಜ, ನಮ್ಮ ಮಳಖೇಡದ ದೊರೆ. ಪಡುವಣ ಕರಾವಳಿಯ ರೇವುಗಳಲ್ಲಿ ಅರಬರ ಹಡಗು ನಿಲ್ಲುತ್ತಿದ್ದ ಕಾಲ. ಆ ವ್ಯಾಪಾರಿಗಳನ್ನು ಆದರಿಸಿದ ಅರಸ ಕೂತಿದ್ದದ್ದು ಕಡಲು ಕಾಣದ ಈ ಕಲ್ಲುಸೀಮೆಯಲ್ಲಿ. 972ರಲ್ಲಿ ಪರಮಾರರ ಸೀಯಕ ಬಂದು ನಗರವನ್ನು ಸೂರೆಗೊಂಡ. ಈಗ ಒಳಗೆ ಆಡು ಮೇಯುತ್ತಿದ್ದವು. ಇಂಥ ಜಾಗದಲ್ಲಿ ನೆಟ್ಟಗೆ ಒಂದು ವಿವರ ಫಲಕ, ಒಂದು ನೆರಳು ಕೂಡ ಇಲ್ಲದಿದ್ದದ್ದು ನನಗೆ ಕೆಡುಕೆನಿಸಿತು.

ಸೇಡಂ ದಾಟಿ ಚಿಂಚೋಳಿಯ ಕಡೆ ತಿರುಗಿದರೆ ನೆಲದ ಬಣ್ಣವೇ ಬದಲು. ಫರ್ಸಿ ಕಲ್ಲು ಕರಿಕಲ್ಲಿನ ಅಡಿಗೆ ಹೋಗಿಬಿಡುತ್ತದೆ. ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ದಖ್ಖನ್ ಮೇಲೆ ಹರಿದ ಲಾವಾ ಅದು. ಗುಡ್ಡದ ನೆತ್ತಿಯಲ್ಲಿ ಕೆಂಪು ಜಂಬಿಟ್ಟಿಗೆ. ಆಮೇಲೆ ಕಾಡು. ಕಲಬುರಗಿ ಜಿಲ್ಲೆಯಲ್ಲಿ ಕಾಡು ಇದೆ ಅಂದರೆ ಬೆಂಗಳೂರಿನವರು ನಂಬುವುದಿಲ್ಲ. ತಪ್ಪು ಅವರದಲ್ಲ, ನಾವೇ ಹೇಳಿಲ್ಲ. 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮ ಘೋಷಣೆಯಾಯಿತು, ಸುಮಾರು 134 ಚದರ ಕಿಲೋಮೀಟರು. ತೋಳ, ಕತ್ತೆಕಿರುಬ, ನರಿ ಇವೆ. ಅಂಚಿನಲ್ಲಿ ಲಂಬಾಣಿ ತಾಂಡಾಗಳಿವೆ.

ಚಂದ್ರಂಪಳ್ಳಿ ಅಣೆಕಟ್ಟಿನ ಹಿನ್ನೀರು ಮರಗಳ ನಡುವೆ ಹಠಾತ್ತಾಗಿ ಕಾಣಿಸಿತು. ಅಳಿಯ ಗಾಡಿ ನಿಲ್ಲುವ ಮೊದಲೇ ಇಳಿದ. ಗಾಳಿಗೆ ಸಣ್ಣ ಅಲೆ ಬಂದು ದಂಡೆಯ ಕೆಂಪು ಕಲ್ಲಿಗೆ ಬಡಿಯುತ್ತಿತ್ತು. ಅಷ್ಟೇ ಸಾಕಾಯಿತು ಅವನಿಗೆ. ಪ್ಯಾಂಟು ಮಡಚಿ ಅಲೆಯೊಳಗೆ ನಿಂತ. ಮೊದಲೇ ಒಪ್ಪಿಗೆ ಪಡೆದಿದ್ದ ಜಾಗದಲ್ಲಿ ಟೆಂಟು ಹಾಕಿದೆವು. ಬೆಂಕಿ ಹಾಕುವ ಹಾಗಿಲ್ಲ, ಹಾಕಲೂಬಾರದು. ತಂಗಳ ಭಜ್ಜಿಗೆ ಸಜ್ಜಿ ರೊಟ್ಟಿ ಮುರಿದುಕೊಂಡು ಉಂಡೆವು. ಎಳ್ಳಮವಾಸ್ಯೆಯ ಭಜ್ಜಿ ಮರುದಿನವೇ ಹೆಚ್ಚು ರುಚಿ, ಇದರಲ್ಲಿ ವಾದ ಬೇಡ. ಚಂದ್ರನಿಲ್ಲದ ರಾತ್ರಿ, ಆಕಾಶದ ತುಂಬ ಚುಕ್ಕಿ, ಕಟಕಟ ಹಲ್ಲು ಕಡಿಸುವ ಥಂಡಿ. ನಡುರಾತ್ರಿ ದೂರದಲ್ಲಿ ಏನೋ ಊಳಿಟ್ಟಿತು. "ನಾಯಿ ಇರ್ಬೇಕು" ಅಂದೆ. ನಾವಿಬ್ಬರೂ ನಂಬಲಿಲ್ಲ.

ಬೆಳಿಗ್ಗೆ ಟೆಂಟು ಸುತ್ತುವಾಗ ಅಳಿಯ ಕೇಳಿದ, "ಮಾಮಾ, ಈ ನೀರು ಎಲ್ಲಿಗಿ ಹೋಗ್ತದ?" ಮುಲ್ಲಾಮಾರಿಗೆ, ಅಲ್ಲಿಂದ ಕಾಗಿಣಾಕ್ಕೆ. ಕಾಗಿಣಾ ನಮ್ಮ ಶಹಾಬಾದದ ಪಕ್ಕದ ಹೊನಗುಂಟಾದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ.

ಹೋಗುವವರು ಡಿಸೆಂಬರ್, ಜನವರಿಯಲ್ಲಿ ಹೋಗಿ. ಬೇಸಿಗೆಯಲ್ಲಿ ಈ ಸೀಮೆ ನಲವತ್ತು ಡಿಗ್ರಿ ದಾಟುತ್ತದೆ. ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಕಾಡಿನಲ್ಲಿ ರಾತ್ರಿ ಉಳಿಯಬೇಡಿ. ಹಳೇ ಖಣಿಗಳಿಗೆ ಬೇಲಿ ಇರುವುದಿಲ್ಲ, ನೀರು ಎಷ್ಟು ಆಳವೋ ಮೇಲಿಂದ ತಿಳಿಯುವುದಿಲ್ಲ. ಮಕ್ಕಳ ಕೈ ಬಿಡಬೇಡಿ.