ಹಳೇ ಲಾರಿ ಇಟ್ಕೊಳ್ಳೋದಾ, ಎಕ್ಸ್‌ಚೇಂಜ್‌ಗೆ ಹಾಕೋದಾ?

ತುಮಕೂರಿನ ಶಿರಾ ಗೇಟ್ ಕಡೆ ಚುನಾವಣೆ ಸುದ್ದಿಗೆ ಅಂತ ಹೋದರೂ ಜನ ನನ್ನನ್ನು ಹಿಡಿದು ಮಾತಾಡಿಸೋದು ಲಾರಿ ವಿಷಯವನ್ನೇ. ಬೈಪಾಸ್ ಬರೋದಕ್ಕೆ ಮುಂಚೆ ಪುಣೆ, ಹುಬ್ಬಳ್ಳಿ, ಚಿತ್ರದುರ್ಗದ ಗಾಡಿಗಳು ಊರೊಳಗಿನಿಂದ ಹಾದುಹೋಗುತ್ತಿದ್ದ ದಾರಿ ಅದು. ಒಂದು ಕಡೆ ಅಂತರಸನಹಳ್ಳಿ, ಮುಂದಕ್ಕೆ ಹೋದರೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ. ಅಲ್ಲಿ ಸಿಕ್ಕ ಐವತ್ತು ದಾಟಿದ ಲಾರಿ ಮಾಲೀಕರೊಬ್ಬರು, ಅವರೇ ಡ್ರೈವರ್ ಕೂಡ, ನೇರವಾಗಿ ಕೇಳಿದರು: "ಸಾರ್, ನಂದು 2012ರ ಆರು ಚಕ್ರದ ಗಾಡಿ. ಕಂತೆಲ್ಲಾ ತೀರಿ ಎಷ್ಟೋ ವರ್ಷ ಆಯ್ತು. ಮಗ ಹೇಳ್ತಾನೆ, ಕೊಟ್ಟು ಹೊಸದು ತಗೊಳ್ಳಪ್ಪಾ ಅಂತ. ಹದಿನೈದು ವರ್ಷ ಆದ್ರೆ ಸರ್ಕಾರದವರೇ ಎಳ್ಕೊಂಡು ಹೋಗಿ ಗುಜರಿಗೆ ಹಾಕ್ತಾರಂತೆ, ಹೌದಾ?"

"ಇಲ್ಲ ಅಣ್ಣ, ಹಾಗೇನೂ ಇಲ್ಲ" ಅಂದೆ. ಆದರೆ ಆ "ಇಲ್ಲ" ಅನ್ನೋದಕ್ಕೆ ಬಾಲ ಉದ್ದ ಇದೆ. ಒಂದು ಲಾರಿ ಮೇಲೆ ಒಂದು ಮನೆ ನಡೀತಿರುವಾಗ ಅರ್ಧ ಉತ್ತರ ಕೊಟ್ಟು ಬರೋದು ಸರಿಯಲ್ಲ. ಹಾಗಾಗಿ ಇಡೀ ಲೆಕ್ಕವನ್ನು ಇಲ್ಲಿ ಬಿಚ್ಚಿಡ್ತಿದ್ದೀನಿ.

ಮೊದಲು ಆ ಹದಿನೈದು ವರ್ಷದ ಭಯ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸಬಾರದು ಅಂತ ಕೇಂದ್ರ ನಿಯಮ ತಂತು. ಅದು ಸರ್ಕಾರದ ಜೀಪು, ಸರ್ಕಾರದ ಬಸ್ಸಿಗೆ. ದೆಹಲಿ ಸುತ್ತಮುತ್ತ ಹತ್ತು ವರ್ಷದ ಡೀಸೆಲ್ ಗಾಡಿಗೆ ನಿರ್ಬಂಧ ಅನ್ನೋ ಸುದ್ದಿಯೂ ಬಂತು. ಅದು ದೆಹಲಿಯ ಗಾಳಿಯ ಕಥೆ. ಇವೆರಡೂ ಸೇರಿಕೊಂಡು ನಮ್ಮೂರಿನ ಟೀ ಅಂಗಡಿಗೆ ಬರೋ ಹೊತ್ತಿಗೆ "ಹದಿನೈದು ವರ್ಷ ಆದ್ರೆ ಗುಜರಿ" ಆಗಿಬಿಟ್ಟಿದೆ. ಕರ್ನಾಟಕದಲ್ಲಿ ಖಾಸಗಿ ಲಾರಿಗೆ ವಯಸ್ಸಿನ ಒಂದೇ ಕಾರಣಕ್ಕೆ ಗುಜರಿ ಕಡ್ಡಾಯ ಇಲ್ಲ. ಎಫ್‌ಸಿ ಪಾಸಾದರೆ ಗಾಡಿ ಓಡುತ್ತೆ.

ಹಾಗಂತ ವಯಸ್ಸಿಗೆ ಬೆಲೆ ಇಲ್ಲ ಅಂತಲ್ಲ. ಕಾನೂನಿನಲ್ಲಿ ಲಾರಿಗೆ ನಾಲ್ಕು ಹುಟ್ಟುಹಬ್ಬ ಮುಖ್ಯ. ಎಂಟು ವರ್ಷ ತುಂಬೋವರೆಗೆ ಎರಡು ವರ್ಷಕ್ಕೊಂದು ಎಫ್‌ಸಿ, ಆಮೇಲೆ ಪ್ರತಿ ವರ್ಷ. ಹನ್ನೆರಡು ವರ್ಷ ತುಂಬಿದ ದಿನ ಆರು ಚಕ್ರದ ಲಾರಿಗೆ ನ್ಯಾಷನಲ್ ಪರ್ಮಿಟ್ ಮುಗೀತು. ಹತ್ತು ಚಕ್ರ ಮತ್ತು ಅದಕ್ಕೂ ದೊಡ್ಡ ಗಾಡಿಗೆ ಆ ಗಡುವು ಹದಿನೈದು ವರ್ಷ. ಹದಿನೈದು ದಾಟಿದರೆ ಎಫ್‌ಸಿ ಶುಲ್ಕ ಏರುತ್ತೆ. 2022ರ ಏಪ್ರಿಲ್‌ನಿಂದ ಜಾರಿಯಾದ ಕೇಂದ್ರದ ಪಟ್ಟಿಯಲ್ಲಿ ಭಾರಿ ವಾಹನಕ್ಕೆ 12,500 ರೂಪಾಯಿ ಅಂತಿತ್ತು. 2025ರ ನವೆಂಬರ್‌ನ ತಿದ್ದುಪಡಿಯಲ್ಲಿ ಇಪ್ಪತ್ತು ವರ್ಷ ದಾಟಿದ ಭಾರಿ ವಾಹನಕ್ಕೆ 25,000 ಮಾಡಿದರು. 2025ರ ಏಪ್ರಿಲ್‌ನಲ್ಲಿ ರಾಜ್ಯದ ಲಾರಿ ಮಾಲೀಕರು ಮುಷ್ಕರ ಮಾಡಿದಾಗ ಡೀಸೆಲ್ ತೆರಿಗೆ, ಟೋಲ್ ಜೊತೆಗೆ ಈ ಎಫ್‌ಸಿ ಶುಲ್ಕವೂ ಬೇಡಿಕೆ ಪಟ್ಟಿಯಲ್ಲಿತ್ತು ಅನ್ನೋದು ನಿಮಗೆ ನೆನಪಿರಬಹುದು.

ಈ ನಾಲ್ಕರಲ್ಲಿ ನಿಜವಾಗಿ ಹೊಟ್ಟೆಗೆ ಹೊಡೆಯೋದು ಯಾವುದು? ಹದಿನೈದಂತೂ ಅಲ್ಲ. ಹನ್ನೆರಡು! ಎಫ್‌ಸಿಗೆ ವರ್ಷಕ್ಕೆ ಹನ್ನೆರಡೂವರೆ ಸಾವಿರ ಅಂದರೆ ತಿಂಗಳಿಗೆ ಸಾವಿರ ಚಿಲ್ಲರೆ. ಬೇಜಾರಾಗುತ್ತೆ, ಆದರೆ ಅದರಿಂದ ಯಾರ ಲಾರಿಯೂ ನಿಂತಿಲ್ಲ. ನ್ಯಾಷನಲ್ ಪರ್ಮಿಟ್ ಹೋದರೆ ಕೆಲಸವೇ ಬದಲಾಗುತ್ತೆ. ವರ್ಷಕ್ಕೆ 16,500 ಕಟ್ಟಿ ದೇಶದಲ್ಲಿ ಎಲ್ಲಿ ಬೇಕಾದರೂ ಹೋಗುತ್ತಿದ್ದ ಗಾಡಿ, ರಾಜ್ಯದೊಳಗಿನ ಬಾಡಿಗೆಗೆ ಇಳಿಯುತ್ತೆ. ನಮ್ಮ ಅಣ್ಣನ ಗಾಡಿಯೂ 2024ರಲ್ಲಿ ಹಾಗೇ ಇಳಿದಿದ್ದು. ಮೊದಲು ತಿಪಟೂರಿನ ಕೊಬ್ಬರಿ ಹೇರಿಕೊಂಡು ಉತ್ತರದ ಕಡೆ ಹೋಗುತ್ತಿದ್ದವರು ಈಗ ಮಾರ್ಕೆಟ್ ತರಕಾರಿ, ಹುಣಸೆ ಸೀಸನ್‌ನಲ್ಲಿ ಎಪಿಎಂಸಿ ಲೋಡು, ಮಧ್ಯೆ ಒಂದಷ್ಟು ಇಟ್ಟಿಗೆ. ತಿಂಗಳಿಗೆ ಎರಡೂವರೆ ಸಾವಿರ ಕಿಲೋಮೀಟರ್ ಆದರೆ ಹೆಚ್ಚು ಅಂದರು.

ಹತ್ತು ಚಕ್ರದವರಿಗೆ ಇಲ್ಲೊಂದು ಮಾತು ಸೇರಿಸಬೇಕು. ಪರ್ಮಿಟ್ ಇನ್ನೂ ಇದ್ದರೂ, 2025ರ ನವೆಂಬರ್ 1ರಿಂದ ಹೊರರಾಜ್ಯದ ಬಿಎಸ್-3 ಸರಕು ಲಾರಿಗಳಿಗೆ ದೆಹಲಿಯೊಳಗೆ ಪ್ರವೇಶ ಇಲ್ಲ. ಬಿಎಸ್-4ಕ್ಕೆ 2026ರ ಅಕ್ಟೋಬರ್ ಕೊನೆಯವರೆಗೆ ಮಾತ್ರ ಸಮಯ. ದೆಹಲಿ ಲೋಡನ್ನೇ ನಂಬಿರೋರು ವಯಸ್ಸಿಗಿಂತ ಮೊದಲು ಆರ್‌ಸಿಯಲ್ಲಿ ಬಿಎಸ್ ಎಷ್ಟು ಅಂತ ನೋಡಿಕೊಳ್ಳಿ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಶೋರೂಮ್‌ನಲ್ಲಿ ನಿಮಗೆ ಮೊದಲು ಹೇಳೋದು ಮೈಲೇಜು. "ನಿಮ್ಮದು ಐದು ಕೊಡ್ತಿದೆ, ನಮ್ಮದು ಆರು ಕೊಡುತ್ತೆ." ಸರಿ, ಹಾಗೇ ಇಟ್ಟುಕೊಳ್ಳೋಣ. ಡೀಸೆಲ್ ಲೀಟರಿಗೆ 90 ರೂಪಾಯಿ ಅಂದುಕೊಳ್ಳಿ. ಹಳೇ ಗಾಡಿಗೆ ಕಿಲೋಮೀಟರಿಗೆ 18 ರೂಪಾಯಿ, ಹೊಸದಕ್ಕೆ 15. ಉಳಿತಾಯ ಮೂರು ರೂಪಾಯಿ. ತಿಂಗಳಿಗೆ 2,500 ಕಿಲೋಮೀಟರ್ ಓಡಿದರೆ ಉಳಿಯೋದು 7,500. ಬಿಎಸ್-6 ಗಾಡಿಗೆ ಡೆಫ್ ಹಾಕಬೇಕಲ್ಲ, ನಮ್ಮ ಡ್ರೈವರ್‌ಗಳು ಯೂರಿಯಾ ಅಂತಾರಲ್ಲ ಅದು, ಅದಕ್ಕೊಂದು ಸಾವಿರ ಕಳೆಯಿರಿ. ಕೈಯಲ್ಲಿ ಉಳಿದಿದ್ದು ಆರೂವರೆ ಸಾವಿರ.

ಇನ್ನು ಕಂತು. ಹಳೇ ಗಾಡಿ ಕೊಟ್ಟು, ಕೈಯಿಂದ ಒಂದಷ್ಟು ಹಾಕಿ, 25 ಲಕ್ಷ ಸಾಲ ಮಾಡಿದಿರಿ ಅಂದುಕೊಳ್ಳಿ. ಶೇ 10 ಬಡ್ಡಿ, ಐದು ವರ್ಷ. ತಿಂಗಳ ಕಂತು 53,100 ರೂಪಾಯಿ. ಹಳೇ ಗಾಡಿಯ ರಿಪೇರಿಗೆ ತಿಂಗಳಿಗೆ ಹನ್ನೆರಡು ಸಾವಿರ ಹೋಗುತ್ತಿತ್ತು, ಹೊಸದಕ್ಕೆ ಅದು ಪೂರ್ತಿ ಉಳೀತು ಅಂತಲೇ ಲೆಕ್ಕ ಹಾಕಿದರೂ ಒಟ್ಟು ಉಳಿತಾಯ ಹದಿನೆಂಟೂವರೆ ಸಾವಿರ. ಬಾಕಿ 34,600 ಎಲ್ಲಿಂದ ಬರಬೇಕು? ಅದೇ ಬಾಡಿಗೆಯಿಂದ. ಗಾಡಿ ಹೊಸದು ಅಂತ ತರಕಾರಿ ಮಂಡಿಯವರು ಬಾಡಿಗೆ ಜಾಸ್ತಿ ಕೊಡಲ್ಲ.

ಇದೇ ಲೆಕ್ಕವನ್ನು ತಿಂಗಳಿಗೆ 8,000 ಕಿಲೋಮೀಟರಿಗೆ ಹಾಕಿ ನೋಡಿ. ಡೀಸೆಲ್‌ನಲ್ಲಿ 24,000 ಉಳೀತು, ಡೆಫ್‌ಗೆ ಸುಮಾರು ಮೂರು ಸಾವಿರ ಹೋಯ್ತು, 21,000. ಅಷ್ಟು ಓಡೋ ಹಳೇ ಗಾಡಿಗೆ ರಿಪೇರಿಯೂ ಜಾಸ್ತಿ, ಇಪ್ಪತ್ತು ಸಾವಿರ ಇಟ್ಟುಕೊಳ್ಳಿ. ಸೇರಿ 41,000. ಕಂತಿಗೆ ಕೊರತೆ ಬರೀ ಹನ್ನೆರಡು ಸಾವಿರ. ದಾರಿಯಲ್ಲಿ ಕೆಟ್ಟು ನಿಲ್ಲದೇ ತಿಂಗಳಿಗೆ ಒಂದೆರಡು ಟ್ರಿಪ್ ಹೆಚ್ಚು ಹೊಡೆದರೆ ಅದು ತುಂಬುತ್ತೆ. ಐದು ವರ್ಷ ಆದಮೇಲೆ ಕೈಯಲ್ಲಿ ಬೆಲೆ ಬಾಳೋ ಒಂದು ಗಾಡಿಯೂ ಉಳಿಯುತ್ತೆ. ನನ್ನ ಅಂಕಿ ಬಿಡಿ, ನಿಮ್ಮ ಡೈರಿಯಲ್ಲಿರೋ ಅಂಕಿ ಹಾಕಿ. ಆದರೆ ಒಂದನ್ನು ಗಮನಿಸಿ: ರಿಪೇರಿ ಬರೋದು ಗಾಡಿ ಓಡಿದಾಗ, ಕಂತು ಬರೋದು ಗಾಡಿ ನಿಂತಾಗಲೂ. ಮಳೆಗಾಲದಲ್ಲಿ, ಮುಷ್ಕರದಲ್ಲಿ, ಡ್ರೈವರ್ ಊರಿಗೆ ಹೋದಾಗ, ಫೈನಾನ್ಸ್‌ನವರ ಮೆಸೇಜು ತಪ್ಪಲ್ಲ. ಹಾಗಾಗಿ ನಾನು ಆ ಅಣ್ಣನಿಗೆ ಗಾಡಿ ವಯಸ್ಸಿಗಿಂತ ಹೆಚ್ಚು ಕೇಳಿದ್ದು, ಹೊಸ ಗಾಡಿ ತಂದರೆ ಲೋಡು ಕೊಡೋರು ಯಾರು ಅಂತ. "ಕೊಡ್ತೀವಿ ಅಂದವ್ರೆ" ಅಂದರು. ಅಂದವರೆ ಅನ್ನೋದರ ಮೇಲೆ 25 ಲಕ್ಷ ಸಾಲ ಬೇಡ, ವರ್ಷದ ಕಾಂಟ್ರಾಕ್ಟ್ ಕಾಗದದ ಮೇಲೆ ಬರಲಿ ಅಂದೆ.

2025ರ ಸೆಪ್ಟೆಂಬರ್ 22ರಿಂದ ಸರಕು ಲಾರಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದ್ದು ನಿಜವಾಗಿ ದೊಡ್ಡ ವಿಷಯ. ತೆರಿಗೆಗೆ ಮುಂಚಿನ ಬೆಲೆ 25 ಲಕ್ಷ ಇದ್ದರೆ ಎರಡೂವರೆ ಲಕ್ಷ ಕಡಿಮೆ. ಆದರೆ ಹೊಸದು ಅಗ್ಗವಾದಾಗ ಹಳೇ ಗಾಡಿ ಕೊಳ್ಳೋನು ಕೂಡ ಬೆಲೆ ಇಳಿಸಿಯೇ ಕೇಳ್ತಾನೆ. ಆ ಎರಡೂವರೆ ಲಕ್ಷವೂ ಪೂರ್ತಿ ನಿಮ್ಮ ಜೇಬಿಗೆ ಬಂತು ಅಂದುಕೋಬೇಡಿ.

ಇನ್ನೊಂದು, ಆದಾಯ ತೆರಿಗೆಯ 44ಎಇ. ಹತ್ತು ಗಾಡಿಗಿಂತ ಹೆಚ್ಚಿಲ್ಲದವರು ಪುಸ್ತಕ ಬರೆಯದೇ, 12 ಟನ್ ಮೀರಿದ ಗಾಡಿಗೆ ತಿಂಗಳಿಗೆ ಟನ್ನಿಗೆ ಸಾವಿರ ರೂಪಾಯಿ ಆದಾಯ ಅಂತ ತೋರಿಸಬಹುದು. ಅಲ್ಲಿ ಸಾಲದ ಬಡ್ಡಿ ಕಳೆಯೋಕೆ ಬರಲ್ಲ. "ಸಾಲ ಮಾಡಿದ್ರೆ ಟ್ಯಾಕ್ಸ್ ಉಳಿಯುತ್ತೆ" ಅಂತ ಯಾರಾದರೂ ಹೇಳಿದರೆ ನಿಮ್ಮ ಆಡಿಟರ್ ಹತ್ತಿರ ಒಂದು ಸಲ ಕೇಳಿ.

ಗಾಡಿ ಇಟ್ಟುಕೊಳ್ಳೋದು ಅಂದರೆ ಯಾವ ಸ್ಥಿತಿಯಲ್ಲಿ? ಇಲ್ಲಿ ನಾನು ಓದಿದ ಇಂಜಿನಿಯರಿಂಗ್ ಸ್ವಲ್ಪ ಕೆಲಸಕ್ಕೆ ಬರುತ್ತೆ. ಯಂತ್ರಗಳು ಕೆಡೋ ರೀತಿಯನ್ನು ಕ್ಲಾಸಿನಲ್ಲಿ ಸ್ನಾನದ ತೊಟ್ಟಿ ಆಕಾರದ ಗೆರೆ ಎಳೆದು ಹೇಳಿಕೊಡ್ತಾರೆ. ಹೊಸದರಲ್ಲಿ ಒಂದಷ್ಟು ತೊಂದರೆ, ಮಧ್ಯೆ ಬಹಳ ಕಾಲ ಆರಾಮ, ಕೊನೆಗೆ ಮತ್ತೆ ಏರಿಕೆ. ಲಾರಿಯಲ್ಲಿ ಒಂದೊಂದು ಭಾಗಕ್ಕೂ ಒಂದೊಂದು ತೊಟ್ಟಿ ಇದೆ. ಇಂಜಿನ್ ಬೋರ್ ಕೆಲಸ ಮಾಡಿಸಿದರೆ ಅದರ ಗೆರೆ ಮತ್ತೆ ಮೊದಲಿನಿಂದ ಶುರು. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಕೂಡ ಹಾಗೇ. ಚಾಸಿಗೆ ಮಾತ್ರ ಆ ಭಾಗ್ಯ ಇಲ್ಲ.

ಬಹಳ ಜನ ಇಂಜಿನ್ ನೋಡಿ ತೀರ್ಮಾನ ಮಾಡ್ತಾರೆ. ಆಯಿಲ್ ಮುಚ್ಚಳ ತೆಗೆದರೆ ಹೊಗೆ ಬುಸುಬುಸು ಬರ್ತಿದೆ, ಬ್ಯಾಕ್ ಕಂಪ್ರೆಷನ್ ಹೊಡೀತಿದೆ, ಕೊಟ್ಟುಬಿಡೋಣ ಅಂತ. ಅದಕ್ಕೆ ಎರಡು ಲಕ್ಷ ಖರ್ಚಾದರೂ ಮೇಲಿನ ಲೆಕ್ಕದಲ್ಲಿ ನಾಲ್ಕು ಕಂತಿನಷ್ಟೂ ಆಗಲ್ಲ. 2012ರ ಹೊತ್ತಿನ ಎಷ್ಟೋ ಲಾರಿಗಳಲ್ಲಿ ಮೆಕ್ಯಾನಿಕಲ್ ಡೀಸೆಲ್ ಪಂಪೇ ಇರೋದು. ಅನುಭವ ಇರೋ ಮೇಸ್ತ್ರಿ ಅದನ್ನ ಲ್ಯಾಪ್‌ಟಾಪ್ ಇಲ್ಲದೇ ಸರಿ ಮಾಡ್ತಾನೆ. ಬಿಎಸ್-6ರ ಒಂದು ಸೆನ್ಸರ್ ಕೈಕೊಟ್ಟರೆ ಸ್ಕ್ಯಾನರ್ ಇರೋರನ್ನ ಹುಡುಕಬೇಕು.

ನೀವು ನೋಡಬೇಕಾದ್ದು ಕೆಳಗೆ. ಗಾಡಿ ತೊಳೆಸಿ, ಟಾರ್ಚ್ ಹಿಡಿದು ಚಾಸಿ ಕೆಳಗೆ ನುಗ್ಗಿ. ಹಿಂದಿನ ಸ್ಪ್ರಿಂಗ್ ಬ್ರಾಕೆಟ್ ಚಾಸಿಗೆ ಕೂರೋ ಜಾಗ, ರಿವಿಟ್ ತೂತುಗಳ ಅಂಚು, ಬಾಡಿಯ ಅಡ್ಡಪಟ್ಟಿ ಚಾಸಿ ಮೇಲೆ ಕೂತು ತುಕ್ಕು ಹಿಡಿಯೋ ಜಾಗ. ಕೂದಲೆಳೆಯಂಥ ಬಿರುಕು ಇದೆಯಾ? ಒಂದೇ ಜಾಗದಲ್ಲಿ ಎರಡು ಮೂರು ಸಲ ವೆಲ್ಡಿಂಗ್ ಆಗಿದೆಯಾ? ನೇರ ರಸ್ತೆಯಲ್ಲಿ ಹಿಂದಿನಿಂದ ನೋಡಿದರೆ ಗಾಡಿ ಓರೆಯಾಗಿ ಓಡ್ತಿದೆಯಾ, ಒಂದೇ ಕಡೆ ಟೈರ್ ತಿಂತಿದೆಯಾ? ಜಲ್ಲಿ, ಮರಳು ಮಿತಿಮೀರಿ ಹೊತ್ತ ಗಾಡಿಯಲ್ಲಿ ಇವೆಲ್ಲಾ ಬೇಗ ಕಾಣಿಸಿಕೊಳ್ಳುತ್ತೆ. ಕಂಡರೆ ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ನನ್ನ ಮಟ್ಟಿಗೆ ಆ ಗಾಡಿಯನ್ನ ಬಿಡೋ ಕಾಲ ಬಂತು. ಲೋಡ್ ಹೊತ್ತಾಗ ಚಾಸಿ ಮುರಿದರೆ ಹೋಗೋದು ಬರೀ ದುಡ್ಡಲ್ಲ, ಹಿಂದೆ ಬೈಕಿನಲ್ಲಿ ಬರ್ತಿರೋನೂ ಇದ್ದಾನೆ.

ಬಿಡೋದು ಅಂತಾದರೆ ಎರಡು ದಾರಿ. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಸರ್ಟಿಫಿಕೇಟ್ ಆಫ್ ಡಿಪಾಸಿಟ್ ಸಿಗುತ್ತೆ. ಗುಜರಿ ಬೆಲೆ ಹೊಸ ಗಾಡಿಯ ಶೋರೂಮ್ ಬೆಲೆಯ ಶೇ 4ರಿಂದ 6 ಇರಬಹುದು ಅನ್ನೋದು ಕೇಂದ್ರದ ನೀತಿಯ ಅಂದಾಜು. ಆ ಸರ್ಟಿಫಿಕೇಟ್ ತೋರಿಸಿದರೆ ಹೊಸ ಗಾಡಿಯ ನೋಂದಣಿ ಶುಲ್ಕ ಇಲ್ಲ. ಸಾರಿಗೆ ವಾಹನಕ್ಕೆ ರಸ್ತೆ ತೆರಿಗೆಯಲ್ಲಿ ಗರಿಷ್ಠ ಶೇ 15ರಷ್ಟು, ಎಂಟು ವರ್ಷದವರೆಗೆ ರಿಯಾಯಿತಿ ಕೊಡೋಕೆ ಕೇಂದ್ರದ ನಿಯಮದಲ್ಲಿ ಅವಕಾಶ ಇದೆ. ಓಡೋ ಸ್ಥಿತಿಯಲ್ಲಿರೋ ಗಾಡಿಗೆ ಎಕ್ಸ್‌ಚೇಂಜ್‌ನಲ್ಲಿ ಇದಕ್ಕಿಂತ ಹೆಚ್ಚು ಸಿಗಬಹುದು, ಹೊರಗಡೆ ಮಾರಿದರೆ ಇನ್ನೂ ಸ್ವಲ್ಪ ಹೆಚ್ಚು. ಮೂರು ಕಡೆ ಬೆಲೆ ಕೇಳಿ.

ಎಕ್ಸ್‌ಚೇಂಜ್‌ನಲ್ಲಿ ಒಂದು ಗುಂಡಿ ಇದೆ, ಆರ್‌ಸಿ. ಕೀ ಕೊಟ್ಟು ಬಂದಿರ್ತೀರಿ, ಗಾಡಿ ಕೈಯಿಂದ ಕೈಗೆ ಹೋಗ್ತಿರುತ್ತೆ, ದಾಖಲೆಯಲ್ಲಿ ಹೆಸರು ಮಾತ್ರ ನಿಮ್ಮದೇ. ಅಪಘಾತವಾದಾಗ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಅಂತ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಪ್ರಕರಣದಲ್ಲಿ ವಾಹನ ಹಲವು ಕೈ ಬದಲಾಗಿತ್ತು, ಕಾಗದ ಬದಲಾಗಿರಲಿಲ್ಲ. ವಿಮೆ ಇಲ್ಲದ ಗಾಡಿಯಾಗಿದ್ದರೆ ಹೊಲ ಮಾರಬೇಕಾದೀತು.

ಇದಕ್ಕೇ 2023ರ ಏಪ್ರಿಲ್ 1ರಿಂದ ಹೊಸ ವ್ಯವಸ್ಥೆ ಬಂದಿದೆ. ಆರ್‌ಟಿಒದಿಂದ ಅಧಿಕಾರ ಪತ್ರ ಪಡೆದ ಹಳೇ ವಾಹನಗಳ ಡೀಲರ್‌ಗೆ ಗಾಡಿ ಒಪ್ಪಿಸುವಾಗ ಫಾರಂ 29ಸಿಯನ್ನ ಪೋರ್ಟಲ್‌ನಲ್ಲಿ ಹಾಕಬೇಕು. ಅಲ್ಲಿಂದ ಆ ಗಾಡಿಗೆ ಡೀಲರ್ ಹೊಣೆ. ಶೋರೂಮ್‌ನವರು "ಆಮೇಲೆ ಮಾಡಿಸ್ಕೊಡ್ತೀವಿ, ಸಹಿ ಹಾಕಿ ಹೋಗಿ" ಅಂದರೆ ಒಪ್ಪಬೇಡಿ. ಅಧಿಕಾರ ಪತ್ರ ತೋರಿಸಿ ಅನ್ನಿ, 29ಸಿ ಪ್ರತಿ ಕೈಗೆ ಬಂದಮೇಲೆ ಕೀ ಕೊಡಿ. ಬೇರೆಯವರಿಗೆ ನೇರವಾಗಿ ಮಾರೋದಾದರೆ ಫಾರಂ 29, 30 ಇಬ್ಬರ ಸಹಿಯೊಂದಿಗೆ, ಹಳೇ ಸಾಲದ ನಮೂದು ಆರ್‌ಸಿಯಲ್ಲಿ ಇನ್ನೂ ಉಳಿದಿದ್ದರೆ ಅದನ್ನ ಮೊದಲೇ ತೆಗೆಸಿ. ಕಂತು ತೀರಿ ಎಷ್ಟೋ ವರ್ಷ ಆದಮೇಲೂ ಆ ನಮೂದು ಹಾಗೇ ಕೂತಿರೋ ಆರ್‌ಸಿಗಳು ಸಾಕಷ್ಟಿವೆ. ಇವತ್ತೇ ಒಂದು ಸಲ ತೆಗೆದು ನೋಡಿಬಿಡಿ.